ಕಲೆಕ್ಷನ್ ಜಾಸ್ತಿ, ಕೈಯಲ್ಲಿ ಕಾಸಿಲ್ಲ: ಟ್ಯಾಕ್ಸಿ ದುಡಿಮೆಯ ನಿಜವಾದ ಲೆಕ್ಕ

ಪ್ರಶ್ನೆ: ನಮ್ಮ ಯಜಮಾನರು ನಾಲ್ಕು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದಾರೆ. ಕಾರು ಸಾಲದ್ದು, ಇನ್ನೂ ಎರಡು ವರ್ಷ ಕಂತು ಇದೆ. ಬೆಳಗಿನ ಜಾವ 5ಕ್ಕೆ ಏಳುತ್ತಾರೆ, 6ಕ್ಕೆ ಹೊರಟರೆ ಮನೆಗೆ ಬರುವುದು ರಾತ್ರಿ 9ಕ್ಕೆ. ವಾರಕ್ಕೆ ಒಂದೇ ದಿನ ರಜೆ. ಅರ್ಧದಷ್ಟು ಟ್ರಿಪ್ ಆಪ್‌ನಿಂದ ಬರುತ್ತವೆ, ಉಳಿದವು ಗೊತ್ತಿರುವವರು ಫೋನ್ ಮಾಡಿ ಕರೆಯುವವು. ದಿನದ ಕಲೆಕ್ಷನ್ ಎಷ್ಟು ಅಂತ ಕೇಳಿದವರು "ನಿಮಗೇನಮ್ಮ ಕಮ್ಮಿ" ಅನ್ನುತ್ತಾರೆ. ಆದರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಟೈರ್ ಬದಲಿಸಬೇಕು, ಇನ್ಶೂರೆನ್ಸ್ ಕಟ್ಟಬೇಕು ಅಂದರೆ ಸಾಲ ಕೇಳಬೇಕು. ರಾತ್ರಿ ಇನ್ನೆರಡು ಗಂಟೆ ಓಡಿಸಿದರೆ ಎಲ್ಲ ಸರಿಹೋಗುತ್ತೆ ಅನ್ನುತ್ತಾರೆ ಇವರು. ಇವರ ಸ್ನೇಹಿತರು ಕಾರು ಮಾರಿ ಲೀಸ್ ಕಾರು ಹಿಡಿ ಅನ್ನುತ್ತಾರೆ. ನಮ್ಮ ಭಾವನವರು ಇನ್ನೊಂದು ಕಾರು ತೆಗೆದು ಡ್ರೈವರ್ ಇಡು ಅನ್ನುತ್ತಾರೆ. ಇವರಿಗೆ ಎಲ್ಲಾದರೂ ಸಂಬಳದ ಕೆಲಸ ಸಿಕ್ಕರೆ ಸಾಕು ಅಂತ ನನಗೆ ಅನ್ನಿಸಿದೆ. ಇತ್ತೀಚೆಗೆ ಇವರಿಗೆ ಸೊಂಟ ನೋವು ಬೇರೆ. ದಾರಿಯಲ್ಲಿ ಶೌಚಾಲಯ ಸಿಗಲ್ಲ ಅಂತ ನೀರೇ ಕುಡಿಯುವುದಿಲ್ಲ. ಕೇಳಲು ನಾಚಿಕೆ, ಆದರೂ ಕೇಳುತ್ತೇನೆ: ಇವರು ದುಡ್ಡನ್ನು ಬೇರೆಲ್ಲೋ ಖರ್ಚು ಮಾಡುತ್ತಿದ್ದಾರಾ? ಅಥವಾ ಈ ಕೆಲಸವೇ ಹೀಗಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಆ ಅನುಮಾನ ಮನಸ್ಸಿನಲ್ಲಿ ಕೂತಿದ್ದರೆ ಮಿಕ್ಕ ಮಾತು ತಲೆಗೆ ಹೋಗುವುದಿಲ್ಲ. ಟ್ಯಾಕ್ಸಿ ಡ್ರೈವರ್‌ಗಳ ಲೆಕ್ಕ ಬರೆದುಕೊಡುವುದು, ಅವರ ಸಾಲದ ಕಾಗದ ಓದಿ ಹೇಳುವುದು ನನ್ನ ಕೆಲಸ. ಇದೇ ಅನುಮಾನ ಇಟ್ಟುಕೊಂಡು ಬಂದ ಎಷ್ಟೋ ಮನೆಯವರನ್ನು ನೋಡಿದ್ದೇನೆ. ಒಟ್ಟಿಗೆ ಕೂತು ಬರೆದಾಗ ಬಹಳಷ್ಟು ಸಲ ಕಾಣೆಯಾದ ದುಡ್ಡು ಕಾರಿನಲ್ಲೇ ಸಿಕ್ಕಿದೆ. ನಿಮ್ಮ ಮನೆಯ ಪುಸ್ತಕ ನಾನು ನೋಡಿಲ್ಲ. ಆದರೆ ನೀವು ಹೇಳಿದ ಗಂಟೆ, ಕಂತು, ಟೈರಿಗೆ ಸಾಲ ಮಾಡುವ ಪರಿಸ್ಥಿತಿ, ಇವೆಲ್ಲ ಅದೇ ಕಡೆ ಬೆರಳು ತೋರಿಸುತ್ತವೆ. ಅವರನ್ನು ಅನುಮಾನಿಸುವ ಮುಂಚೆ ಈ ಲೆಕ್ಕವನ್ನು ಇಬ್ಬರೂ ಒಮ್ಮೆ ಮಾಡಿ.

ತಿಂಗಳ ಒಟ್ಟು ಕಲೆಕ್ಷನ್ 100 ಅಂದುಕೊಳ್ಳಿ. ಊರಿಂದೂರಿಗೆ ಅಂಕಿ ಬದಲಾಗುತ್ತದೆ, ಇದು ಉದಾಹರಣೆ ಮಾತ್ರ. ಅರ್ಧ ಟ್ರಿಪ್ ಆಪ್‌ನವು, ಅವುಗಳ ಮೇಲೆ ಕಾಲು ಭಾಗದಷ್ಟು ಕಮಿಷನ್ ಅಂದರೆ 12 ಹೋಯಿತು. ಇಂಧನಕ್ಕೆ 28. ಸರ್ವಿಸ್, ಟೈರ್, ಬ್ರೇಕ್, ಸಣ್ಣಪುಟ್ಟ ರಿಪೇರಿಗೆ 7. ಇನ್ಶೂರೆನ್ಸ್, ತೆರಿಗೆ, ಪರ್ಮಿಟ್ ಇವನ್ನು 12 ತಿಂಗಳಿಗೆ ಹಂಚಿದರೆ 5. ಪಾರ್ಕಿಂಗ್, ಟೋಲ್, ವಾಶಿಂಗ್, ಫೋನ್, ಹೊರಗಿನ ಊಟಕ್ಕೆ 6. ಒಟ್ಟು 58 ಹೋಗಿ 42 ಉಳಿಯಿತು. ಅದರಲ್ಲಿ ಕಂತು 22 ಕಟ್ಟಿದರೆ ಮನೆಗೆ ಬರುವುದು 20. ಜನ ನೋಡುವುದು 100. ನೀವು ಸಂಸಾರ ಮಾಡುವುದು 20ರಲ್ಲಿ.

ಇಷ್ಟಕ್ಕೇ ಮುಗಿಯಲಿಲ್ಲ. ಯಾರ ಕಣ್ಣಿಗೂ ಬೀಳದ ಖರ್ಚು ಒಂದಿದೆ, ಅದು ಕಾರಿನ ಸವೆತ. ಕಾರಿನ ಬೆಲೆಯ 75% ಭಾಗ 3 ಲಕ್ಷ ಕಿಲೋಮೀಟರ್ ಓಡುವಷ್ಟರಲ್ಲಿ ಕರಗುತ್ತದೆ ಅಂತ ಇಟ್ಟುಕೊಳ್ಳಿ. ಆಗ ಪ್ರತಿ 4,000 ಕಿಲೋಮೀಟರ್‌ಗೆ ಕಾರಿನ ಬೆಲೆ 1% ಇಳಿಯಿತು. ತಿಂಗಳಿಗೆ 6,000 ಕಿಲೋಮೀಟರ್ ಓಡಿಸುವವರಿಗೆ ತಿಂಗಳಿಗೆ 1.5%. ಹತ್ತು ತಿಂಗಳ ಕಲೆಕ್ಷನ್‌ನಷ್ಟು ಬೆಲೆಯ ಕಾರಾದರೆ, ನಮ್ಮ ಲೆಕ್ಕದಲ್ಲಿ ಅದು ತಿಂಗಳಿಗೆ 15. ಈ 15ಕ್ಕೆ ಯಾರೂ ಬಿಲ್ ಕೊಡುವುದಿಲ್ಲ, ಅದಕ್ಕೇ ಅದು ಗಳಿಕೆಯ ಹಾಗೆ ಕಾಣುತ್ತದೆ. ನಿಜ ಹೇಳಬೇಕೆಂದರೆ, ಕಾರನ್ನು ಚೂರು ಚೂರಾಗಿ ಮಾರಿ ಮನೆ ನಡೆಸಿದ ಹಾಗೆ ಅದು.

ಇಲ್ಲಿ ಒಂದು ವಿಷಯ ಗಮನಿಸಿ. ಕಂತು ಮತ್ತು ಸವೆತ ಒಂದೇ ಅಲ್ಲ. ಕಂತಿನಲ್ಲಿ ಅಸಲೂ ಇದೆ, ಬಡ್ಡಿಯೂ ಇದೆ. ನಿಜವಾದ ಗಳಿಕೆ ತಿಳಿಯಬೇಕಾದರೆ 42ರಲ್ಲಿ ಸವೆತದ 15 ಮತ್ತು ಬಡ್ಡಿಯ ಸುಮಾರು 5 ಕಳೆಯಬೇಕು. 22 ಉಳಿಯುತ್ತದೆ. "ಕಂತು ಮುಗಿದರೆ ಪೂರ್ತಿ ಲಾಭ" ಅನ್ನುವ ಮಾತು ಪ್ರತಿ ಸ್ಟ್ಯಾಂಡಿನಲ್ಲೂ ಕೇಳುತ್ತದೆ, ಅದು ನಿಜವಲ್ಲ. ಕಂತು ಮುಗಿಯುವ ಹೊತ್ತಿಗೆ ಕಾರೂ ಮುಗಿಯುತ್ತಾ ಬಂದಿರುತ್ತದೆ. ಆಗ ಕಂತಿಗೆ ಹೋಗದೆ ಉಳಿದ 22ನ್ನು ಪೂರ್ತಿ ಖರ್ಚು ಮಾಡಿದವರು ಮುಂದಿನ ಕಾರಿಗೆ ಮೊದಲಿಗಿಂತ ದೊಡ್ಡ ಸಾಲ ತೆಗೆಯಬೇಕಾಗುತ್ತದೆ.

ಈಗ ಗಂಟೆಗೆ ಬನ್ನಿ. ದಿನಕ್ಕೆ 15 ಗಂಟೆ, ತಿಂಗಳಿಗೆ 26 ದಿನ ಅಂದರೆ 390 ಗಂಟೆ. ದಿನಕ್ಕೆ 10 ಗಂಟೆ ಕೆಲಸ ಮಾಡುವ ಸಂಬಳದ ಡ್ರೈವರ್‌ದು 260 ಗಂಟೆ. ಅವರಿಗೆ ನಮ್ಮ ಅಳತೆಯಲ್ಲಿ 15 ಸಂಬಳ ಸಿಕ್ಕಿದರೂ ಗಂಟೆಯ ಲೆಕ್ಕದಲ್ಲಿ ನಿಮ್ಮ ಯಜಮಾನರ 22ಕ್ಕಿಂತ ತುಸು ಜಾಸ್ತಿಯೇ. "ಸ್ವಂತ ಕಾರು, ನಾನೇ ಯಜಮಾನ" ಅನ್ನುವ ಹೆಮ್ಮೆಯನ್ನು ನಾನು ಸಣ್ಣದು ಮಾಡುತ್ತಿಲ್ಲ. ಅದಕ್ಕೂ ಬೆಲೆ ಇದೆ. ಆ ಹೆಮ್ಮೆಗೆ ತಿಂಗಳಿಗೆ ಎಷ್ಟು ಗಂಟೆ ಕೊಡುತ್ತಿದ್ದೇವೆ ಅನ್ನುವುದು ಮಾತ್ರ ಗೊತ್ತಿರಬೇಕು.

ಕಾಯುವ ಸಮಯವನ್ನೂ ಯಾಕೆ ಎಣಿಸಿದಿರಿ ಅಂತ ನಿಮ್ಮವರು ಕೇಳಬಹುದು. ತುಂಬಾ ಡ್ರೈವರ್‌ಗಳು ಕೇಳುತ್ತಾರೆ. ಸ್ಟ್ಯಾಂಡಿನಲ್ಲಿ ಕೂತದ್ದು ಕೆಲಸವಲ್ಲ ಅನ್ನುವುದು ಅವರ ಅನಿಸಿಕೆ. ಇದೇ ಪ್ರಶ್ನೆ ಬ್ರಿಟನ್ನಿನ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 2021ರ ಫೆಬ್ರವರಿಯಲ್ಲಿ ಊಬರ್ ಪ್ರಕರಣದಲ್ಲಿ ಆ ಕೋರ್ಟ್, ಡ್ರೈವರ್ ಆಪ್ ತೆರೆದುಕೊಂಡು ತನಗೆ ಲೈಸೆನ್ಸ್ ಇರುವ ಪ್ರದೇಶದಲ್ಲಿ ಟ್ರಿಪ್‌ಗೆ ಸಿದ್ಧವಾಗಿರುವ ಹೊತ್ತೆಲ್ಲ ಕೆಲಸದ ಹೊತ್ತೇ ಎಂದು ಹೇಳಿತು. ನ್ಯೂಯಾರ್ಕ್ ನಗರ 2018ರ ಡಿಸೆಂಬರ್‌ನಲ್ಲಿ ಆಪ್ ಡ್ರೈವರ್‌ಗಳಿಗೆ ಖರ್ಚು ಕಳೆದು ಗಂಟೆಗೆ 17.22 ಡಾಲರ್ ಕನಿಷ್ಠ ಗಳಿಕೆ ಸಿಗಬೇಕೆಂದು ನಿಯಮ ತಂದಿತು. ಆ ಲೆಕ್ಕ ಕಟ್ಟುವಾಗ, ಡ್ಯೂಟಿಯ ಹೊತ್ತಿನಲ್ಲಿ ಗಿರಾಕಿ ಕಾರಿನಲ್ಲಿರುವುದು 58% ಮಾತ್ರ ಎಂದು ಹಿಡಿದರು. ಉಳಿದದ್ದು ಕಾಯುವುದು, ಖಾಲಿ ಓಡುವುದು. ಹತ್ತು ಗಂಟೆ ಡ್ಯೂಟಿಯಲ್ಲಿ ನಾಲ್ಕು ಗಂಟೆಗೂ ಜಾಸ್ತಿ ಹೊತ್ತು ಮೀಟರ್ ನಿಂತೇ ಇರುತ್ತದೆ. ಆದರೆ ಡ್ರೈವರ್ ಅಲ್ಲೇ ಇರಬೇಕು, ಬೇರೆ ಕೆಲಸ ಮಾಡುವಂತಿಲ್ಲ.

ಈ ಕಾಯುವಿಕೆ ಯಾಕೆ ಹೆಚ್ಚಿತು? ಇದರಲ್ಲಿ ನಿಮ್ಮವರ ತಪ್ಪಿಲ್ಲ. ಗಿರಾಕಿಗೆ ಮೂರು ನಿಮಿಷದಲ್ಲಿ ಕಾರು ಬರಬೇಕಾದರೆ ಸುತ್ತಮುತ್ತ ಒಂದಿಷ್ಟು ಕಾರು ಸುಮ್ನೆ ನಿಂತಿರಲೇಬೇಕು. ಆ ಸುಮ್ನೆ ನಿಲ್ಲುವುದಕ್ಕೆ ಸಾಮಾನ್ಯವಾಗಿ ಯಾರೂ ದುಡ್ಡು ಕೊಡುವುದಿಲ್ಲ. ಹೀಗಾಗಿ ಕಾರು ಎಷ್ಟೇ ಜಾಸ್ತಿಯಾದರೂ ಆಪ್ ಕಂಪನಿಗೆ ನಷ್ಟವಿಲ್ಲ, ಇರುವ ಟ್ರಿಪ್‌ಗಳು ಹೆಚ್ಚು ಡ್ರೈವರ್‌ಗಳ ನಡುವೆ ಹಂಚಿಹೋಗುತ್ತವೆ ಅಷ್ಟೆ. ಜೊತೆಗೆ ಈ ಕೆಲಸಕ್ಕೆ ಬರುವ ಬಾಗಿಲೂ ಅಗಲವಾಯಿತು. ಲಂಡನ್ನಿನ ಕಪ್ಪು ಟ್ಯಾಕ್ಸಿಯವರು ಇಂದಿಗೂ ನಗರದ ನಡುವಿನ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಬೇಕು, ಅದಕ್ಕೆ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಅವರ ಮೆದುಳಿನಲ್ಲಿ ದಾರಿ ನೆನಪಿಡುವ ಭಾಗದ ಗಾತ್ರ ಹೆಚ್ಚಿರುವುದನ್ನು 2000ದಲ್ಲಿ ಎಲೀನರ್ ಮ್ಯಾಗ್ವೈರ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ತೋರಿಸಿದರು. ಈಗ ಫೋನಿನ ಮ್ಯಾಪ್ ದಾರಿ ಹೇಳುತ್ತದೆ. ಹೊಸಬರಿಗೆ ಅನುಕೂಲವಾಯಿತು ನಿಜ, ಹಳಬರ ಊರುಜ್ಞಾನಕ್ಕೆ ಸಿಗುತ್ತಿದ್ದ ಬೆಲೆ ಮಾತ್ರ ಕಮ್ಮಿಯಾಯಿತು. ನ್ಯೂಯಾರ್ಕ್ 2018ರ ಆಗಸ್ಟ್‌ನಲ್ಲಿ ಹೊಸ ಆಪ್ ಕಾರುಗಳ ಲೈಸೆನ್ಸ್‌ಗೇ ತಡೆ ಹಾಕಿದ್ದು ಈ ದಟ್ಟಣೆ ನೋಡಿಯೇ. ನಿಮ್ಮವರು ನಾಲ್ಕು ವರ್ಷದಿಂದ ಅದೇ ರೀತಿ ದುಡಿದರೂ ಕೈಗೆ ಕಮ್ಮಿ ಸಿಗುತ್ತಿದ್ದರೆ ಅದು ಸೋಮಾರಿತನವಲ್ಲ.

ಇನ್ನು ಅವರ ಎರಡು ಗಂಟೆಯ ಯೋಚನೆ. ಅದರಲ್ಲಿ ಅರ್ಧ ಸತ್ಯ ಇದೆ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಕಂತು, ಇನ್ಶೂರೆನ್ಸ್ ಎಲ್ಲ ಹೇಗೂ ಕಟ್ಟಿಯಾಗಿದೆ, ಹೆಚ್ಚುವರಿ ಗಂಟೆಗೆ ಬರೀ ಇಂಧನ, ಕಮಿಷನ್, ಸವೆತ ಕಳೆದರೆ ಸಾಕು. ಹಾಗಾಗಿ ಒಳ್ಳೆಯ ಗಂಟೆ ಒಂದು ಸಿಕ್ಕರೆ ಅದು ಲಾಭವೇ. ಆದರೆ ಬೆಳಿಗ್ಗೆ 5ಕ್ಕೆ ಎದ್ದವರಿಗೆ ರಾತ್ರಿ 10ಕ್ಕೆ 17 ಗಂಟೆ ಎಚ್ಚರವಾದಂತೆ. 17 ಗಂಟೆ ನಿದ್ದೆಯಿಲ್ಲದಿದ್ದರೆ ಮನುಷ್ಯನ ಚುರುಕು, ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡಿದೆ. ಎಷ್ಟೋ ದೇಶಗಳಲ್ಲಿ ಆ ಮಟ್ಟಕ್ಕೆ ಲೈಸೆನ್ಸ್ ಹೋಗುತ್ತದೆ. ನಿಮ್ಮವರು ಕೇಳುತ್ತಿರುವುದು ಸರಿಯಾಗಿ ಆ ಹೊತ್ತನ್ನು, ಅದೂ ಕತ್ತಲಲ್ಲಿ. ಒಂದು ಸಣ್ಣ ಗುದ್ದು ಸಾಕು, ಕಾರು ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ಆ ಎರಡೆರಡು ಗಂಟೆಗಳ ಎಷ್ಟೋ ದಿನದ ದುಡಿಮೆ ಹೋಯಿತು. ದೊಡ್ಡ ಅಪಘಾತದ ಮಾತು ಬೇಡ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ರಸ್ತೆ ಸಾರಿಗೆಯವರಿಗಾಗಿಯೇ 1979ರಲ್ಲಿ ಒಂದು ಒಪ್ಪಂದ ಮಾಡಿತು. ಎಡೆಬಿಡದೆ 4 ಗಂಟೆಗಿಂತ ಹೆಚ್ಚು ಓಡಿಸಬಾರದು, ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು, 24 ಗಂಟೆಯಲ್ಲಿ ಸತತ 10 ಗಂಟೆ ವಿಶ್ರಾಂತಿ ಬೇಕು ಎಂಬುದು ಅದರ ಮುಖ್ಯ ಅಂಶ. ಕೆಲವೇ ದೇಶಗಳು ಅದನ್ನು ಒಪ್ಪಿವೆ. ಸ್ವಂತ ಕಾರಿನವರಿಗೆ ಇದು ಕನಸಿನ ಮಾತು ಅಂತ ನಿಮ್ಮವರು ಹೇಳಬಹುದು. ಪೂರ್ತಿ ಪಾಲಿಸಲು ಆಗದಿದ್ದರೂ ಮೈ ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಅದೊಂದು ಗೆರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಹೊರತಂದ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35% ಜಾಸ್ತಿ, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17% ಜಾಸ್ತಿ. ನಿಮ್ಮವರದು ಈಗಲೇ ವಾರಕ್ಕೆ 90 ಗಂಟೆ. ಗಂಟೆ ಸೇರಿಸುವ ಮಾತನ್ನು ಇಲ್ಲಿಗೇ ಬಿಟ್ಟುಬಿಡಿ. ಯಾವ ಗಂಟೆ ತೆಗೆಯಬಹುದು ಅಂತ ನೋಡೋಣ.

ಅದಕ್ಕೆ ಒಂದು ತಿಂಗಳು ಎರಡೇ ಎರಡು ವಿಷಯ ಬರೆಯಿರಿ. ಗಂಟೆಗಂಟೆಗೆ ಬಂದ ದುಡ್ಡು, ಮತ್ತು ಖಾಲಿ ಓಡಿದ ಕಿಲೋಮೀಟರ್. ಆಪ್ ಟ್ರಿಪ್‌ನ ವಿವರ ಫೋನಿನಲ್ಲೇ ಇರುತ್ತದೆ. ಬೆಳಿಗ್ಗೆ, ಸಂಜೆ ತುಂಬಿರುತ್ತವೆ, ಮಧ್ಯಾಹ್ನ ಮೂರ್ನಾಲ್ಕು ಗಂಟೆ ಬರೀ ಏಸಿ ಹಾಕಿಕೊಂಡು ಕೂತದ್ದು ಕಾಣುತ್ತದೆ. ನಾನು ನೋಡಿದ ಪುಸ್ತಕಗಳಲ್ಲಿ ಹೆಚ್ಚಿನವು ಹೀಗೇ ಇವೆ. ಮನೆ ಹತ್ತಿರವಿದ್ದರೆ ಆ ಹೊತ್ತಿಗೆ ಬಂದು ಮಲಗಲಿ. ಮನೆ ದೂರವಿದ್ದರೆ ಹೋಗಿಬರುವ ಖಾಲಿ ಓಡಾಟವೇ ಲಾಭ ತಿನ್ನುತ್ತದೆ. ಆಗ ಬೆಳಿಗ್ಗೆಯನ್ನೋ ರಾತ್ರಿಯನ್ನೋ ಒಂದನ್ನು ಮೊಟಕು ಮಾಡುವುದು ಮೇಲು.

ಟ್ರಿಪ್ ಒಪ್ಪುವಾಗಲೂ ಕಣ್ಣಿಗೆ ಕಾಣುವ ದರ ನಂಬಬೇಡಿ. ಗಿರಾಕಿಯ ಪ್ರಯಾಣ 10 ಕಿಲೋಮೀಟರ್, ಪಿಕಪ್‌ಗೆ 4 ಕಿಲೋಮೀಟರ್ ಹೋಗಬೇಕು, ಡ್ರಾಪ್ ಮಾಡಿದ ಜಾಗದಲ್ಲಿ ಏನೂ ಸಿಗದೆ 6 ಕಿಲೋಮೀಟರ್ ಖಾಲಿ ವಾಪಸ್. ಒಟ್ಟು 20. ಕಿಲೋಮೀಟರ್‌ಗೆ ಸಿಕ್ಕಿದ್ದು ಅರ್ಧ ದರ. "ಸಿಕ್ಕಿದ್ದೆಲ್ಲ ಲಕ್ಷ್ಮಿ, ಬಿಡಬಾರದು" ಅನ್ನುವುದು ಶ್ರದ್ಧೆಯ ಮಾತು, ಆದರೆ ಕೆಲವು ಟ್ರಿಪ್ ಇಂಧನ, ಸವೆತ ಕಳೆದ ಮೇಲೆ ಕೈಯಿಂದಲೇ ಹಾಕುವಂಥವು. ಪದೇ ಪದೇ ಬೇಡ ಅಂದರೆ ಕೆಲವು ಆಪ್‌ಗಳು ಟ್ರಿಪ್ ಕಮ್ಮಿ ಮಾಡುತ್ತವೆ, ಆದ್ದರಿಂದ ನಿಮ್ಮ ಆಪ್‌ನ ನಿಯಮ ಓದಿಕೊಂಡೇ ಇದನ್ನು ಮಾಡಬೇಕು.

ದಿನದ ಟಾರ್ಗೆಟ್ ಬಗ್ಗೆಯೂ ಒಂದು ಮಾತು. "ಇಷ್ಟಾಗುವವರೆಗೆ ಮನೆಗೆ ಹೋಗಲ್ಲ" ಅಂತ ಹಟ ಹಿಡಿಯುವವರು ಬಹಳ. 1997ರಲ್ಲಿ ಕಾಲಿನ್ ಕ್ಯಾಮರರ್, ರಿಚರ್ಡ್ ಥೇಲರ್ ಮೊದಲಾದ ಅರ್ಥಶಾಸ್ತ್ರಜ್ಞರು ನ್ಯೂಯಾರ್ಕ್ ಡ್ರೈವರ್‌ಗಳ ಟ್ರಿಪ್ ಶೀಟ್ ನೋಡಿ, ಒಳ್ಳೆಯ ದಿನ ಬೇಗ ಮನೆಗೆ ಹೋಗುತ್ತಾರೆ, ಡಲ್ ದಿನ ಜಾಸ್ತಿ ಹೊತ್ತು ಓಡಿಸುತ್ತಾರೆ ಎಂದು ಬರೆದರು. ಮುಂದೆ ಹೆನ್ರಿ ಫಾರ್ಬರ್ ಇನ್ನೂ ಹೆಚ್ಚಿನ ದಾಖಲೆ ಇಟ್ಟುಕೊಂಡು, ಎಲ್ಲರೂ ಹಾಗಲ್ಲ, ಬಹುತೇಕರು ದುಡ್ಡು ಬರುವಾಗ ಹೆಚ್ಚು ದುಡಿಯುತ್ತಾರೆ ಎಂದು ತೋರಿಸಿದರು. ಪಂಡಿತರ ಜಗಳ ಪಂಡಿತರಿಗಿರಲಿ. ನಿಮ್ಮವರಿಗೆ ಬೇಕಾದ್ದು ಇಷ್ಟು: ಟ್ರಿಪ್ ಮೇಲೆ ಟ್ರಿಪ್ ಬೀಳುವ ದಿನ ಒಂದು ಗಂಟೆ ಜಾಸ್ತಿ ಇರಲಿ, ಮೈ ಚುರುಕಾಗಿದ್ದರೆ. ಡಲ್ ಹೊಡೆಯುವ ದಿನ ಮುಲಾಜಿಲ್ಲದೆ ಬೇಗ ಮನೆಗೆ ಬರಲಿ. ಸರಿಯಾಗಿ ಇದರ ಉಲ್ಟಾ ನಡೆಯುತ್ತಿರುತ್ತದೆ ಎಷ್ಟೋ ಕಡೆ.

ನಿಮಗೆ ಬಂದಿರುವ ಸಲಹೆಗಳನ್ನು ನೋಡೋಣ. ಭಾವನವರ ಎರಡನೇ ಕಾರಿನ ಮಾತಿಗೆ ನನ್ನ ಉತ್ತರ ಖಡಾಖಂಡಿತವಾಗಿ ಬೇಡ. ಮೊದಲನೆಯ ಕಾರಿನ ಟೈರಿಗೇ ಸಾಲ ಮಾಡುತ್ತಿರುವಾಗ ಇನ್ನೊಂದು ಕಂತು ತಲೆಗೆ ಕಟ್ಟಿಕೊಳ್ಳಬಾರದು. ಡ್ರೈವರ್ ಬಿಟ್ಟುಹೋದ ವಾರವೂ ಆ ಕಂತು ನಿಲ್ಲುವುದಿಲ್ಲ. "ಆಸ್ತಿ ಆಗುತ್ತೆ" ಅನ್ನುವ ಆಸೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ನ್ಯೂಯಾರ್ಕ್‌ನ ಹಳದಿ ಟ್ಯಾಕ್ಸಿಯವರನ್ನು ನೋಡಿ. ಅಲ್ಲಿ 1937ರಿಂದ ಟ್ಯಾಕ್ಸಿ ಪರ್ಮಿಟ್‌ಗಳ ಸಂಖ್ಯೆಗೆ ಮಿತಿ ಇತ್ತು, ಬೆಲೆ ಏರುತ್ತಲೇ ಹೋಗಿ 2014ರ ಹೊತ್ತಿಗೆ ಒಂದು ಪರ್ಮಿಟ್ 10 ಲಕ್ಷ ಡಾಲರ್ ದಾಟಿತು. ಸಾಲ ಮಾಡಿ ಕೊಂಡರು. ಆಮೇಲೆ ಬೆಲೆ ಕುಸಿಯಿತು, ಸಾಲ ಹಾಗೇ ಉಳಿಯಿತು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. 2021ರಲ್ಲಿ ಡ್ರೈವರ್‌ಗಳು ಉಪವಾಸ ಕೂತ ಮೇಲೆ, ಸಾಲವನ್ನು 1,70,000 ಡಾಲರ್‌ಗೆ ಇಳಿಸುವ ಒಪ್ಪಂದಕ್ಕೆ ನಗರಾಡಳಿತ ಬಂತು. ಅವರು ಕಷ್ಟಪಟ್ಟು ದುಡಿಯುವವರೇ, ಪ್ರತಿ ದಿನ ಗಾಡಿ ಓಡಿಸಿದವರೇ.

ಲೀಸ್ ಕಾರಿನಲ್ಲಿ ಅನುಕೂಲವಿದೆ. ಸವೆತ, ದೊಡ್ಡ ರಿಪೇರಿ ನಿಮ್ಮದಲ್ಲ, ಬೇಡವಾದರೆ ಬಿಡಬಹುದು. ಆದರೆ ಬೆಳಿಗ್ಗೆ ಕಾರು ತೆಗೆದ ಕ್ಷಣದಿಂದ ಆ ದಿನದ ಲೀಸ್ ಹಣ ಓಡಲು ಶುರು. ಅದು ಹುಟ್ಟುವವರೆಗೆ ದುಡಿದದ್ದೆಲ್ಲ ಮಾಲೀಕರಿಗೆ. ಜ್ವರ ಬಂದ ದಿನಕ್ಕೂ ದುಡ್ಡು ಕೇಳುತ್ತಾರಾ, ಗುದ್ದಿದರೆ ಖರ್ಚು ಯಾರದು, ಡಿಪಾಸಿಟ್ ಯಾವಾಗ ವಾಪಸ್ ಅನ್ನುವುದು ಕಾಗದದಲ್ಲಿ ಇರಬೇಕು, ಬಾಯಿಮಾತು ಸಾಲದು. ಅದಕ್ಕೂ ಮುಂಚೆ ಸಾಲ ಕೊಟ್ಟವರಿಂದ ಇವತ್ತಿನ ಬಾಕಿ ಎಷ್ಟು ಅಂತ ಬರೆಸಿಕೊಳ್ಳಿ. ಕಾರಿನ ಮಾರುಕಟ್ಟೆ ಬೆಲೆಯನ್ನು ಇಬ್ಬರು ಮೂವರ ಹತ್ತಿರ ಕೇಳಿ. ಬೆಲೆಗಿಂತ ಬಾಕಿ ಜಾಸ್ತಿ ಇದ್ದರೆ ಮಾರುವುದೆಂದರೆ ಕಾರೂ ಇಲ್ಲ, ಸಾಲವೂ ತೀರಲಿಲ್ಲ ಅನ್ನುವ ಸ್ಥಿತಿ. ಸಂಬಳದ ಕೆಲಸಕ್ಕೆ ಹೋಗುವುದಾದರೂ ಇದೇ ಅಡ್ಡಿ ಎದುರಾಗುತ್ತದೆ.

ಸಂಬಳದ ಕೆಲಸ ನಿಮ್ಮ ಮನಸ್ಸಿನಲ್ಲಿದೆ, ಅದು ಹೆದರಿಕೆಯ ಯೋಚನೆಯಲ್ಲ, ಲೆಕ್ಕ ಅದಕ್ಕೆ ಪೂರಕವಾಗಿಯೇ ಇದೆ. ಕೇಳಬೇಕಾದ್ದು: ಕಾಯುವ ಹೊತ್ತಿಗೂ ಸಂಬಳ ಉಂಟಾ, ಓವರ್‌ಟೈಮ್ ಹೇಗೆ, ರಜೆ ಎಷ್ಟು, ಗೀಚು ಬಿದ್ದರೆ ಸಂಬಳದಲ್ಲಿ ಹಿಡಿಯುತ್ತಾರಾ, ಆರೋಗ್ಯ ವಿಮೆ ಇದೆಯಾ.

ನಾನು ನಿಮ್ಮ ಜಾಗದಲ್ಲಿದ್ದರೆ ಮೂರು ತಿಂಗಳು ಕಾರನ್ನು ಇಟ್ಟುಕೊಂಡೇ ಕೆಲಸದ ರೀತಿ ಬದಲಿಸಿ ನೋಡುತ್ತಿದ್ದೆ. ಯಾಕೆಂದರೆ ನಿಮ್ಮವರ ಹತ್ತಿರ ಎಲ್ಲರಿಗೂ ಇಲ್ಲದ ಒಂದು ಬಲ ಇದೆ, ಫೋನ್ ಮಾಡಿ ಕರೆಯುವ ಗಿರಾಕಿಗಳು. ಅಲ್ಲಿ ಕಮಿಷನ್ ಇಲ್ಲ, ಸಮಯ ಮೊದಲೇ ಗೊತ್ತು, ಖಾಲಿ ಓಡಾಟವನ್ನು ಹೊಂದಿಸಿಕೊಳ್ಳಬಹುದು. ಆಸ್ಪತ್ರೆಗೆ ವಾರವಾರ ಹೋಗುವ ವಯಸ್ಸಾದವರು, ದಿನಾ ಒಂದೇ ಹೊತ್ತಿಗೆ ಆಫೀಸಿಗೆ ಹೋಗುವವರು, ಇಂಥವರಿಗೆ ನಂಬಿಕೆಯ ಡ್ರೈವರ್ ಬೇಕು, ಅವರು ದರಕ್ಕೆ ಜಾಸ್ತಿ ಎಳೆದಾಡುವುದಿಲ್ಲ. ಅಂಥ ನಾಲ್ಕು ಮನೆ ಸೇರಿದರೆ ಮಧ್ಯಾಹ್ನದ ಖಾಲಿ ಹೊತ್ತು ತುಂಬುತ್ತದೆ. ತಿಂಗಳ ಕೊನೆಗೆ ಕೊಡುತ್ತೇನೆ ಅನ್ನುವವರ ಬಾಕಿ ಬೆಳೆಯಲು ಬಿಡಬೇಡಿ, ವಾರಕ್ಕೊಮ್ಮೆ ತೀರಿಸಲಿ. ಆಪ್‌ನಲ್ಲಿ ಬಂದ ಟ್ರಿಪ್ಪನ್ನು ಕ್ಯಾನ್ಸಲ್ ಮಾಡಿಸಿ ಹೊರಗೆ ಒಯ್ಯುವುದು ಮಾತ್ರ ಬೇಡ. ಐಡಿ ಬ್ಲಾಕ್ ಆಗುವುದಲ್ಲದೆ, ಏನಾದರೂ ಆದರೆ ಆಪ್ ಕಡೆಯ ವಿಮೆಯೂ ಕೈಕೊಡಬಹುದು.

ಈ ಮೂರು ತಿಂಗಳಲ್ಲಿ ದಿನದ ಕಲೆಕ್ಷನ್ ಮನೆಗೆ ಬಂದ ಕೂಡಲೇ ಎರಡು ಪಾಲು ತೆಗೆದಿಡಿ. ಒಂದು ಕಾರಿನದು: ಟೈರ್, ಸರ್ವಿಸ್, ಇನ್ಶೂರೆನ್ಸ್. ಇವು ಬರುವ ತಿಂಗಳು ಮೊದಲೇ ಗೊತ್ತಿರುತ್ತದೆ, ಆದ್ದರಿಂದ ಇವಕ್ಕೆ ಸಾಲ ಮಾಡುವುದು ತಪ್ಪಿಸಬಹುದು. ನಮ್ಮ ಉದಾಹರಣೆಯಲ್ಲಿ ಅದು ನೂರಕ್ಕೆ 12. ಇನ್ನೊಂದು, ಅವರು ಹಾಸಿಗೆ ಹಿಡಿದ ದಿನಗಳಿಗೆ. ಸಣ್ಣದಾದರೂ ಸರಿ. ಕಾರಿಗೆ ಇನ್ಶೂರೆನ್ಸ್ ಮಾಡಿಸಿದವರು ಡ್ರೈವರ್‌ಗೆ ಮಾಡಿಸಿರುವುದಿಲ್ಲ, ಇದು ನಾನು ಪದೇ ಪದೇ ನೋಡುವ ಸಂಕಟ. ಅವರ ಹೆಸರಿನಲ್ಲಿ ಅಪಘಾತ ವಿಮೆ ಇದೆಯಾ ಅಂತ ಇವತ್ತೇ ನೋಡಿ. ಮೂರು ತಿಂಗಳ ನಂತರವೂ ಗಂಟೆಯ ಗಳಿಕೆ ಸಂಬಳದ ಡ್ರೈವರ್‌ನ ಗಂಟೆಗಿಂತ ಕೆಳಗೇ ಇದ್ದರೆ, ಕಾರಿನ ಬೆಲೆ ಬಾಕಿಗಿಂತ ಮೇಲೆ ಇರುವಾಗಲೇ ಮಾರುವುದು ಒಳ್ಳೆಯದು.

ಮೈಯ ವಿಷಯಕ್ಕೆ ಮೂರು ತಿಂಗಳು ಕಾಯುವಂತಿಲ್ಲ. ನಾನು ವೈದ್ಯನಲ್ಲ, ಆದರೆ ಈ ಕೆಲಸದವರಲ್ಲಿ ಮೂತ್ರದ ಸೋಂಕು, ಕಲ್ಲು ಎಷ್ಟು ಸಾಮಾನ್ಯ ಎಂದು ನೋಡುತ್ತಲೇ ಬಂದಿದ್ದೇನೆ. ನೀರು ಕಮ್ಮಿ ಕುಡಿಯುವುದು, ಕಟ್ಟಿಕೊಂಡು ಕೂರುವುದು ಎರಡೂ ಅದಕ್ಕೆ ದಾರಿ. ಅವರು ಓಡಾಡುವ ರಸ್ತೆಗಳಲ್ಲಿ ಪೆಟ್ರೋಲ್ ಬಂಕ್, ಆಸ್ಪತ್ರೆ, ನಿಲ್ದಾಣಗಳ ಶೌಚಾಲಯ ಎಲ್ಲೆಲ್ಲಿವೆ ಅಂತ ಒಂದು ಪಟ್ಟಿ ಮಾಡಿಕೊಳ್ಳಲಿ, ಜೊತೆಯ ಡ್ರೈವರ್‌ಗಳನ್ನು ಕೇಳಿದರೆ ಅರ್ಧ ಪಟ್ಟಿ ಅಲ್ಲೇ ಸಿಗುತ್ತದೆ. ಎರಡು ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಲಿ, ಸೊಂಟಕ್ಕೂ ಅದೇ ಮದ್ದಿನ ಮೊದಲ ಭಾಗ. ಸೀಟಿನ ಬೆನ್ನು ತೀರಾ ಹಿಂದಕ್ಕೆ ಮಲಗಿರಬಾರದು, ಹಿಂದಿನ ಜೇಬಿನಲ್ಲಿ ಪರ್ಸ್ ಇಟ್ಟುಕೊಂಡು ಕೂರಬಾರದು. ಮೂತ್ರದಲ್ಲಿ ಉರಿ ಅಥವಾ ರಕ್ತ, ಸೊಂಟದಿಂದ ಕಾಲಿಗೆ ಇಳಿಯುವ ನೋವು, ಪಾದ ಜೋಮು ಹಿಡಿಯುವುದು, ಇವುಗಳಲ್ಲಿ ಒಂದಿದ್ದರೂ ಅವರು ರಜೆಯ ದಿನಕ್ಕೂ ಕಾಯದೆ ವೈದ್ಯರ ಹತ್ತಿರ ಹೋಗಬೇಕು, ಆ ದಿನದ ಕಲೆಕ್ಷನ್ ಹೋದರೂ ಸರಿ.